ಹಿಡಿದದ್ದು ಬಿಡದ ಡ್ರೈವರು

ಇಂಡಿ ಪಟ್ಟಣದ ಹಳೆ ಬಸ್ ನಿಲ್ದಾಣದ ಎದುರಿಗೆ, ಲಿಂಬೆ ಚೀಲ ಹೊಲಿಯುವವರ ಮಳಿಗೆಗೂ ಒಂದು ಕ್ಷೌರದಂಗಡಿಗೂ ನಡುವೆ, ಅಲ್ಮಾಸಳ ಆನ್‌ಲೈನ್ ಸೆಂಟರ್ ಇದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಹೊಲದ ಉತಾರ, ಅಂದರೆ ಪಹಣಿ ತೆಗೆಸುವವರು, ಜಾತಿ ಪ್ರಮಾಣಪತ್ರದವರು, ಆಧಾರ್ ಕಾರ್ಡಿನಲ್ಲಿ ಗಂಡಸರಾಗಿಬಿಟ್ಟಿರುವ ಹೆಂಗಸರು, ಎಲ್ಲರೂ ಅಲ್ಲಿಗೇ ಬರುತ್ತಾರೆ.

ಅಲ್ಮಾಸ ಮುದ್ದೇಬಿಹಾಳದ ಹುಡುಗಿ. ಅಲ್ಲಿಯೇ ಬಿಸಿಎ ಮುಗಿಸಿ, ಇಂಡಿಯ ಮುಬಿನನ ಕೈಹಿಡಿದು ಬಂದು ಹನ್ನೊಂದು ವರ್ಷವಾಯಿತು. ಮುಬಿನ ಇಂಡಿಯಿಂದ ತಾಂಬಾ ಮಾರ್ಗವಾಗಿ ದೇವರ ಹಿಪ್ಪರಗಿಗೆ ಟೆಂಪೊ ಓಡಿಸುತ್ತಾನೆ. ಮಾತು ಕಮ್ಮಿ, ಹಾರ್ನ್ ಜಾಸ್ತಿ. ಅವನ ತಾಯಿ ಸೈದಾಬಿ ಬೆಳಿಗ್ಗೆ ಸೆಂಟರಿನ ಬಾಗಿಲು ತೆಗೆಯುವುದರಿಂದ ಹಿಡಿದು ಮುಚ್ಚುವತನಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಬಂದವರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಆಕೆಯ ಲೆಕ್ಕದಲ್ಲಿ ಸೆಂಟರ್ ನಡೆಸುವವಳು ತಾನು, ಸೊಸೆ ಟೈಪ್ ಮಾಡುವವಳು.

ಅಲ್ಮಾಸಳಿಗೆ ಒಂದು ಚಾಳಿ ಇತ್ತು. ಯಾವುದಾದರೂ ವಸ್ತು ಕೆಟ್ಟರೆ ಅದನ್ನು ಸರಿ ಮಾಡಿದರೆ ಸಾಲದು, ಯಾಕೆ ಕೆಟ್ಟಿತು ಎನ್ನುವುದು ತಿಳಿಯಬೇಕು. ಮದುವೆಯಾಗಿ ಬಂದ ಮೂರನೆಯ ದಿನ ಗಂಡನ ಮನೆಯ ಫ್ಯಾನು ಸುತ್ತಿಗೊಮ್ಮೆ ಟಿಕ್ ಎನ್ನುವುದು ಅವಳ ಕಿವಿಗೆ ಬಿತ್ತು. ಆರು ವರ್ಷದಿಂದ ಮನೆಮಂದಿಯೆಲ್ಲ ಆ ಟಿಕ್ಕಿಗೆ ಹೊಂದಿಕೊಂಡು ಮಲಗುತ್ತಿದ್ದರು. ಮದುಮಗಳು ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ ಫ್ಯಾನು ಬಿಚ್ಚಿದಳು. ನೋಡಲು ಬಂದ ನೆಂಟರಿಗೆ ಸೈದಾಬಿ, “ಸೊಸಿ ಒಳ್ಳೇಕಿ. ಆದ್ರ ಕೈಯಾಗ ಸ್ಕ್ರೂಡ್ರೈವರ್ ಕೊಡಬ್ಯಾಡ್ರಿ” ಎಂದು ಹೇಳಿ ಕಳಿಸಿದಳು.

ಇದೇ ಚಾಳಿಯಿಂದಾಗಿ ಸೆಂಟರಿನ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಮೊದಲಿನದನ್ನು ಯಾರೋ ಮದುವೆ ಕಾರ್ಡಿನೊಂದಿಗೆ ಪೆನ್‌ಡ್ರೈವಿನಲ್ಲಿ ತಂದ ವೈರಸ್ಸು ತಿಂದುಹಾಕಿತ್ತು.

ನವೆಂಬರ್ ಬಂತೆಂದರೆ ಸೆಂಟರಿನ ಮುಂದೆ ಮುದುಕರ ಸಾಲು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಬೆರಳಚ್ಚು ಕೊಟ್ಟು ತಾವು ಇನ್ನೂ ಬದುಕಿದ್ದೇವೆಂದು ರುಜುವಾತು ಮಾಡಬೇಕು. ಹೋದ ವರ್ಷ ಆ ಸಾಲಿನಲ್ಲಿ ಶ್ರೀಶೈಲಪ್ಪ ಬಂದು ನಿಂತಾಗ ತಕರಾರು ಶುರುವಾಯಿತು.

ಶ್ರೀಶೈಲಪ್ಪ ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ಜಲ್ಲಿ ಒಡೆದು, ಡಾಂಬರು ಹಾಕಿ ನಿವೃತ್ತನಾದವನು. ಆಮೇಲೆ ಸುಮ್ಮನೆ ಕೂರದೆ ತನ್ನ ಎರಡೆಕರೆಯಲ್ಲಿ ಲಿಂಬೆ ಗಿಡ ಹಚ್ಚಿದ. ಬೆರಳ ಮೇಲಿನ ಗೆರೆಗಳಲ್ಲಿ ಜಲ್ಲಿ ಬಿಟ್ಟದ್ದನ್ನು ಲಿಂಬೆ ಮುಗಿಸಿತು. ಹತ್ತೂ ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗೆ.

“ಒತ್ರಿ ಕಾಕಾ” ಎಂದಳು ಅಲ್ಮಾಸ.

“ಒತ್ತೇನವಾ.”

ಕೆಂಪು ದೀಪ ಬಂತು. ಆಗಲಿಲ್ಲ ಎಂದರ್ಥ. ಇನ್ನೊಂದು ಬೆರಳು, ಮತ್ತೆ ಕೆಂಪು. ಶ್ರೀಶೈಲಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಂದೆ ನಿಂತವರಿಗೆ ಹೇಳಿದ, “ನಾ ಜೀವಂತ ಅದೇನಿ ಅನ್ನೂದು ನನ್ನ ಹೆಂಡತಿಗೇ ಖಾತ್ರಿ ಇಲ್ಲ. ಈ ಮಷೀನಿಗೆ ಹೆಂಗ ಇರ್ತೈತಿ.”

ಈಗ ಸೈದಾಬಿ ಎದ್ದಳು. ಬೆರಳು ಹಿಡಿಯದಿದ್ದಾಗಲೆಲ್ಲ ಅವಳದೊಂದು ಔಷಧ ಇತ್ತು. ಮಷೀನಿನ ವಾಯರನ್ನು ಕಿತ್ತು, ಬಿಸ್ಮಿಲ್ಲಾ ಎಂದು ಅದರ ಬಾಯಿಗೆ ಊದಿ, ಸೆರಗಿನಿಂದ ಒರೆಸಿ, ಮತ್ತೆ ಚುಚ್ಚುವುದು. ಹಾಗೆ ಮಾಡಿದರೆ ಮಷೀನು ಸ್ವಲ್ಪ ಹೊತ್ತು ಲಕ್ಷಣವಾಗಿ ನಡೆಯುತ್ತಿತ್ತು. ಆದರೆ ಅಂದು ಮಧ್ಯಾಹ್ನದೊಳಗೆ, ಶ್ರೀಶೈಲಪ್ಪನ ಬೆರಳಿನ ಮೇಲೆಯೇ, ಪರದೆಯ ಮೇಲೆ ‘ಯಂತ್ರ ಇಲ್ಲ’ ಎಂದು ಮೂಡಿತು. ಯಂತ್ರ ಕಣ್ಣೆದುರಿಗೇ ಇತ್ತು. ಕಿತ್ತು ಚುಚ್ಚಿದರೂ ಇಲ್ಲ, ಊದಿದರೂ ಇಲ್ಲ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕಾಯಿತು. ಅದು ಹಳೆಯದು, ಏಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಸಾಲಿನಲ್ಲಿದ್ದವರಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಬಸ್ಸಿನ ಚಿಂತೆ.

ಮರುದಿನವೂ ಹಾಗೆಯೇ. ಮೂರನೆಯ ದಿನ ಶ್ರೀಶೈಲಪ್ಪ ಹೊಸ್ತಿಲು ತುಳಿಯುತ್ತಲೇ ಸಾಲು ಗುಜುಗುಟ್ಟಿತು. ಒಬ್ಬರು ಬಹಳ ಮರ್ಯಾದೆಯಿಂದ, “ಶ್ರೀಶೈಲಪ್ಪಾರ, ನೀವು ಕಡೀಕ ನಿಂದರ್ರಿ. ನಮ್ದೆಲ್ಲಾ ಮುಗೀಲಿ” ಎಂದರು. ಅವನು ಬೇಸರ ಮಾಡಿಕೊಳ್ಳದೆ ಹಿಂದೆ ಹೋಗಿ ನಿಂತ. ನಾಲ್ಕನೆಯ ದಿನ ಮನೆಯಿಂದ ಒಂದು ಮಣೆ ತಂದು ಸೆಂಟರಿನ ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ಹಾಕಿಕೊಂಡು ಕುಳಿತ. ಆದರೂ ಮಷೀನು ನಿಂತಿತು. ಅಂದು ನಿಲ್ಲಿಸಿದವಳು ಪಾತ್ರೆ ತಿಕ್ಕಿ ತಿಕ್ಕಿ ಬೆರಳು ಸವೆದ ಒಬ್ಬ ಆಯಾ. ಜನ ಮಾತ್ರ ಹೊರಗೆ ಕುಳಿತಿದ್ದ ಶ್ರೀಶೈಲಪ್ಪನ ಕಡೆಗೇ ನೋಡಿದರು.

ಅಲ್ಮಾಸಳಿಗೆ ಇದು ಹಿಡಿಸಲಿಲ್ಲ. ಮನುಷ್ಯ ಅಪಶಕುನವಾಗಬಹುದೆಂದು ಮಷೀನಿಗೆ ಯಾರೂ ಕಲಿಸಿರುವುದಿಲ್ಲ. ಅವಳು ಹಾಳಾದ ಅರ್ಜಿಯ ಹಿಂಬದಿಗೆ ಗೀಟು ಹಾಕತೊಡಗಿದಳು. ಕೆಂಪು ದೀಪ ಬಂದಾಗ ಒಂದು ಸೊನ್ನೆ, ಅತ್ತೆ ವಾಯರು ಕಿತ್ತಾಗ ಒಂದು ಅಡ್ಡಗೆರೆ. ಎರಡು ದಿನದಲ್ಲಿ ಚಿತ್ರ ಸ್ಪಷ್ಟವಾಯಿತು. ಬರೀ ಕೆಂಪು ದೀಪ ಎಷ್ಟು ಬಂದರೂ ಏನೂ ಆಗುವುದಿಲ್ಲ. ಬರೀ ಕಿತ್ತು ಚುಚ್ಚಿದರೂ ಆಗುವುದಿಲ್ಲ. ಕೆಂಪು ದೀಪ ಬಂದ ಮೇಲೆ ಕಿತ್ತು ಚುಚ್ಚುವುದು ಹದಿನಾರು ಸಲ ಆಯಿತೆಂದರೆ, ಹದಿನೇಳನೆಯದಕ್ಕೆ ಯಂತ್ರ ಮಾಯ. ಪ್ರತಿ ಸಲವೂ ಹದಿನಾರೇ.

ಶುಕ್ರವಾರ ಮಧ್ಯಾಹ್ನ ಸೆಂಟರಿಗೆ ರಜೆ. ಅಲ್ಮಾಸ ಬಾಗಿಲು ಅರ್ಧ ಎಳೆದುಕೊಂಡು ಆ ಬೆರಳಿನ ಮಷೀನಿನ ಡ್ರೈವರನ್ನು ತೆರೆದು ಓದಲು ಕುಳಿತಳು. ಡ್ರೈವರ್ ಎಂದರೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಾಗಿ ನಿಂತ ಒಂದು ಬರಹ. ಆರುನೂರು ಸಾಲು. ಬಿಸಿಎಯಲ್ಲಿ ಕಲಿತು, ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದ ಭಾಷೆ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೂರನೆಯ ಶುಕ್ರವಾರ ಸಿಕ್ಕಿತು.

“ಅತ್ತೀ, ಸಿಕ್ತು. ಶ್ರೀಶೈಲಪ್ಪ ಕಾಕಾಂದು ತಪ್ಪಲ್ಲ, ನಿಮ್ದೂ ಅಲ್ಲ” ಎಂದಳು ಅಲ್ಮಾಸ. “ಡ್ರೈವರಂದೇ ತಪ್ಪು. ಒಮ್ಮೆ ಹಿಡಕೊಂಡಿದ್ದನ್ನ ಬಿಡವಲ್ದು. ಹದಿನಾರು ತುಂಬೂತನಾ ಹಿಡಕೊಂಡs ಇರ್ತೈತಿ.”

ಸೈದಾಬಿಗೆ ಗೊತ್ತಿದ್ದಂತೆ ಮನೆಯಲ್ಲಿ ಇರುವ ಡ್ರೈವರ್ ಒಬ್ಬನೇ. ಅವಳು ಎದ್ದು ಪಕ್ಕದ ಕ್ಷೌರದಂಗಡಿಯ ಕಟ್ಟೆಗೆ ಹೋಗಿ ಕುಳಿತು, ನೀರು ಕೇಳಿ ಕುಡಿದು, ಸೊಸೆ ಹೀಗೆ ಹೇಳಿದಳೆಂದು ನಿಟ್ಟುಸಿರು ಬಿಟ್ಟಳು.

ಅಲ್ಮಾಸ ಹೇಳಿದ್ದು ‘ಬಿಡವಲ್ದು’, ಅಂದರೆ ಅದು ಬಿಡುತ್ತಿಲ್ಲ ಎಂದು. ಬಸ್ ನಿಲ್ದಾಣ ದಾಟುವಷ್ಟರಲ್ಲಿ ಅದು ‘ಬಿಡವಲ್ಲ’, ಅವನು ಬಿಡುತ್ತಿಲ್ಲ, ಎಂದಾಯಿತು. ತಾಂಬಾದಲ್ಲಿ, ಮುಬಿನ ಟೆಂಪೊ ಹತ್ತಿದವರನ್ನು ಇಳಿಯಲು ಬಿಡುವುದಿಲ್ಲ ಎಂದಿತ್ತು. ದೇವರ ಹಿಪ್ಪರಗಿಯ ಸಂತೆಯಲ್ಲಿ ಯಾರನ್ನೋ ಹಿಡಿದುಕೊಂಡಿದ್ದಾನೆ ಎಂದಾಯಿತು. ಅಲ್ಲಿಂದ ಬಸವನ ಬಾಗೇವಾಡಿಗೆ ಬಂದು ಅಲ್ಮಾಸಳ ಚಿಕ್ಕಮ್ಮನ ಮಗಳು ಕೌಸರಳ ಕಿವಿಗೆ ಬೀಳುವಾಗ ಆ ‘ಯಾರನ್ನೋ’ ಎನ್ನುವುದಕ್ಕೆ ಸೀರೆ ಬಂದಿತ್ತು. ಹದಿನಾರು ಎಂಬ ಸಂಖ್ಯೆಯನ್ನು ಮಾತ್ರ ಯಾರೂ ಕೆಡಿಸಿರಲಿಲ್ಲ. ಮುಬಿನ ಒಬ್ಬಾಕೆಯನ್ನು ಹದಿನಾರು ವರ್ಷದಿಂದ ಬಿಡಲೊಲ್ಲ ಎಂದು ಕೌಸರ ಮುದ್ದೇಬಿಹಾಳಕ್ಕೆ ಫೋನು ಮಾಡಿದಳು.

ಅಲ್ಮಾಸಳ ತಂದೆ ಮಶಾಕಸಾಬ ಪಂಪ್‌ಸೆಟ್ ರಿಪೇರಿ ಮಾಡಿ ಬದುಕಿದವನು. ಏನನ್ನೂ ಅಳೆದು ನೋಡುವ ಮನುಷ್ಯ. ಮದುವೆಯಾಗಿ ಹನ್ನೊಂದು, ಆಕೆ ಹದಿನಾರು. ಅಂದರೆ ಮದುವೆಗೆ ಐದು ವರ್ಷ ಮೊದಲಿನಿಂದ. ಮರುದಿನ ಮೊದಲ ಬಸ್ಸಿಗೆ ಹೊರಟು, ಬಾಗೇವಾಡಿಯಲ್ಲಿ ಇಳಿದು ಕೌಸರಳ ಹೇಳಿಕೆ ಪಡೆದು, ಮನಗೂಳಿ, ವಿಜಯಪುರ ದಾಟಿ ಮಧ್ಯಾಹ್ನ ಇಂಡಿ ಸೇರಿದ. ಸೆಂಟರಿಗೆ ಬಂದು ಕುಳಿತ. ಚಹಾ ಬೇಡ ಎಂದ. ಎದುರಿಗೆ ಸೈದಾಬಿ ನೆಲ ನೋಡುತ್ತ ಕುಳಿತಿದ್ದಳು.

“ಆಕಿ ಎಲ್ಲಿಯಾಕಿ?” ಎಂದ ಮಶಾಕಸಾಬ.

“ಯಾರಪ್ಪಾ?” ಎಂದಳು ಅಲ್ಮಾಸ.

ಅವಳಿಗೆ ಉತ್ತರ ಸಿಗುವ ಮೊದಲೇ ಮುಬಿನ ನೀರಿನ ಬಾಟಲಿ ತುಂಬಿಸಿಕೊಳ್ಳಲು ಒಳಗೆ ಬಂದ. ಮಾವನನ್ನು ಕಂಡು ಸಲಾಮ್ ಹೇಳಿದ. ಮಾವ ಸಲಾಮ್ ತೆಗೆದುಕೊಂಡು ನೇರ ವಿಷಯಕ್ಕೆ ಬಂದ.

“ಹದಿನಾರು ವರ್ಷದಿಂದ ಬಿಟ್ಟಿಲ್ಲಂತ. ಖರೇ ಏನು?”

ಮುಬಿನ ಹೆಂಡತಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಗುಟ್ಟು ಬಯಲಾಗಿದೆ ಎಂದುಕೊಂಡ.

“ಹದಿನಾರಲ್ರಿ ಮಾವಾ, ಹದಿನೇಳು” ಎಂದ. “ಬಿಡಬೇಕು ಅಂತ ಭಾಳ ಸಲ ಆಣಿ ಮಾಡೇನಿ. ಆಗವಲ್ದು. ಹಂಗಂತ ದಿನಾ ಎರಡs ಎರಡು. ತಾಂಬಾದಾಗ ಒಂದು, ಹಿಪ್ಪರಗಿಯಾಗ ಒಂದು.”

ಸೈದಾಬಿ ಕುರ್ಚಿಯ ಕೈ ಹಿಡಿದುಕೊಂಡಳು. ಮಶಾಕಸಾಬ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

“ಎರಡು ಊರಾಗ” ಎಂದ ನಿಧಾನವಾಗಿ.

“ಇಂಡಿಯಾಗ ಇಲ್ರಿ. ಇಲ್ಲಿ ಅವ್ವಗ ವಾಸನಿ ಬಡೀತೈತಿ” ಎಂದ ಮುಬಿನ.

ವಾಸನೆ ಎಂದ ಮೇಲೆ ಅಲ್ಮಾಸಳಿಗೆ ಹೊಳೆಯಿತು. “ಬೀಡಿ ಸೇದ್ತೀರಿ?” ಎಂದಳು.

“ಮತ್ತೇನು?” ಎಂದ ಮುಬಿನ.

ಮೊದಲು ನಕ್ಕವನು ಬೇವಿನ ಕೆಳಗೆ ಮಣೆಯ ಮೇಲಿದ್ದ ಶ್ರೀಶೈಲಪ್ಪ. ಆಮೇಲೆ ಮಾವ ಚಹಾ ತರಿಸಲು ಒಪ್ಪಿದ. ಅಲ್ಮಾಸ ಬೆರಳಿನ ಮಷೀನನ್ನು ತಂದೆಯ ಕೈಗಿಟ್ಟು, ಡ್ರೈವರ್ ಹಿಡಕೊಂಡು ಬಿಡದೇ ಇರುವುದು ಇದನ್ನು ಎಂದಳು. ಸಾಬೂನಿನ ಡಬ್ಬಿಯಷ್ಟಿದ್ದ ಅದನ್ನು ಮಶಾಕಸಾಬ ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕ ನಾ ಮೂರು ಬಸ್ ಬದಲೀ ಮಾಡಿದೆ” ಎಂದ.

“ತಿಳಿಯೂ ಹಂಗ ಹೇಳು” ಎಂದಳು ಸೈದಾಬಿ. ಅವಳಿಗೆ ಮಗ ಪಾರಾದ ಸಮಾಧಾನ, ಬೀಡಿಯ ಸಿಟ್ಟು ಎರಡೂ ಇದ್ದವು.

“ಶಾದಿ ಮಹಲದ ವಾಚ್‌ಮನ್ ಅನಕೋರಿ” ಎಂದಳು ಅಲ್ಮಾಸ. “ಒಳಗ ಒಬ್ರು ಹೋದ್ರ ಒಂದು ಗೀಟು ಹಾಕ್ತಾನ, ಹೊರಗ ಬಂದ್ರ ಒಂದು ಗೀಟು ಅಳಸ್ತಾನ. ಎಲ್ಲಾ ಗೀಟು ಅಳಿಸಿದ ಮ್ಯಾಲೆ ಮಹಲಕ್ಕ ಕೀಲಿ ಹಾಕಿ ಇನ್ನೊಬ್ರಿಗೆ ಕೊಡ್ತಾನ. ಈಗ ಒಬ್ಬಾಂವ ಅಡಗಿ ಸೇರಲಿಲ್ಲಂತ ಸಿಟ್ಟಾಗಿ ಹಿತ್ತಲ ಬಾಗಲದಿಂದ ಹೋಗಿಬಿಟ್ಟ. ಗೀಟು ಹಂಗs ಉಳೀತು. ಒಳಗ ಯಾರೂ ಇಲ್ಲ, ವಾಚ್‌ಮನ್ ಮಾತ್ರ ಒಬ್ಬಾಂವ ಅದಾನ ಅಂತ ಕಾಯಕೋಂತ ಕುಂತಾನ. ಆ ಮಹಲ ಮತ್ಯಾರಿಗೂ ಸಿಗೂದಿಲ್ಲ. ಇಂಥಾ ಹದಿನಾರು ಮಹಲ ಅದಾವು. ಬೆರಳು ಹಿಡೀದಿದ್ದಾಗ ಡ್ರೈವರ್ ಸಿಟ್ಟಾಗಿ ಹಿತ್ತಲ ಬಾಗಲದಿಂದ ಹೋಗ್ತೈತಿ. ನೀವು ವಾಯರ್ ಕಿತ್ತು ಚುಚ್ಚಿದಾಗ ಮಷೀನು ಹೊಸಾ ಮಹಲ ಕೇಳ್ತೈತಿ. ಹದಿನೇಳನೇದು ಎಲ್ಲಿಂದ ತರೂದು?”

“ಹಂಗಾದ್ರ ಹಿತ್ತಲ ಬಾಗಲದಾಗೂ ಒಬ್ಬಾಂವನ್ನ ಕುಂಡ್ರಸು” ಎಂದಳು ಸೈದಾಬಿ.

ದುರಸ್ತಿ ಎಂದರೆ ನಿಜಕ್ಕೂ ಅಷ್ಟೇ ಆಗಿತ್ತು. ಸೋತು ಹೊರಬೀಳುವ ದಾರಿಯಲ್ಲಿ, ಹಿಡಿದದ್ದನ್ನು ಬಿಟ್ಟೆ ಎಂದು ಹೇಳುವ ಒಂದೇ ಒಂದು ಸಾಲು ಸೇರಿಸಬೇಕಿತ್ತು. ಅಲ್ಮಾಸ ಉತ್ಸಾಹದಲ್ಲಿ ಎರಡು ಕಡೆ ಸೇರಿಸಿದಳು. ಅದರಿಂದ ಹಿಂದಿನದಕ್ಕಿಂತ ದೊಡ್ಡ ಅನಾಹುತವಾಯಿತು. ಒಳಗೆ ಒಬ್ಬರು ಇರುವಾಗಲೇ ಗೀಟೆಲ್ಲ ಅಳಿಸಿಹೋಗಿ, ವಾಚ್‌ಮನ್ ಮಹಲಿಗೆ ಕೀಲಿ ಹಾಕಿ ಇನ್ನೊಬ್ಬರಿಗೆ ಕೊಟ್ಟುಬಿಡುವಂತಾಯಿತು. ಆ ಹೊತ್ತಿಗೆ ಒಳಗೆ ಇದ್ದವರು ಸಂಕರ್ಷಣ ದೇಶಪಾಂಡೆ ಮಾಸ್ತರರು.

ಮಾಸ್ತರರು ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವರು. ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷ್. ಅವರು ಬೆರಳಿಟ್ಟರು, ಮೊದಲ ಸಲ ಕೆಂಪು, ಎರಡನೆಯ ಸಲಕ್ಕೆ ಪರದೆಯ ಮೇಲೆ ಅವರ ಹೆಸರು ‘ಸಂಕರ್ಷ’ ಎಂಬಲ್ಲಿಯವರೆಗೆ ಮೂಡಿ ಕಂಪ್ಯೂಟರ್ ಕಲ್ಲಾಯಿತು.

ಮಾಸ್ತರರು ಬೆರಳು ತೆಗೆಯಲಿಲ್ಲ. “ಈಗ ನಾನು ಎಷ್ಟು ಪಾಲು ಜೀವಂತ ಇದ್ದೀನಿ?” ಎಂದು ಕೇಳಿದರು.

ಅಲ್ಮಾಸ ತಪ್ಪೊಪ್ಪಿಕೊಂಡು ಎಲ್ಲವನ್ನೂ ವಿವರಿಸಿದಳು. ಹೆಚ್ಚಿನ ಸಾಲನ್ನು ತೆಗೆದಳು. ಮರುದಿನ ಶ್ರೀಶೈಲಪ್ಪನನ್ನು ಸಾಲಿನ ಮೊದಲಿಗೆ ಕೂರಿಸಿ, ಸೈದಾಬಿಯನ್ನು ವಾಯರಿನ ಪಕ್ಕ ನಿಲ್ಲಿಸಿ, ಒತ್ತುವುದು ಕೀಳುವುದು ಒತ್ತುವುದು ಕೀಳುವುದು ಎಂದು ನೂರು ಸಲ ಮಾಡಿಸಿದಳು. ಸಾಲಿನಲ್ಲಿದ್ದವರು ಹದಿನಾರಕ್ಕೆ ಉಸಿರು ಹಿಡಿದರು, ಹದಿನೇಳಕ್ಕೆ ಬಿಟ್ಟರು. ಮಷೀನು ನಿಲ್ಲಲಿಲ್ಲ. ಶ್ರೀಶೈಲಪ್ಪನ ಬೆರಳು ನೂರರಲ್ಲಿ ಒಮ್ಮೆಯೂ ಹಿಡಿಯಲಿಲ್ಲ.

“ಇನ್ನ ನಾ ಎಷ್ಟ ಸರ್ತೆ ಫೇಲಾದ್ರೂ ಯಾರಿಗೂ ತ್ರಾಸಿಲ್ಲ ಹೌದಿಲ್ಲೋ?” ಎಂದ ಶ್ರೀಶೈಲಪ್ಪ. ಅವನ ಮುಖದಲ್ಲಿ ಪಾಸಾದವನ ಕಳೆ ಇತ್ತು. ಅವನು ಜೀವಂತ ಎನ್ನುವುದನ್ನು ಕಡೆಗೆ ತಾಲೂಕು ಕಚೇರಿಯಲ್ಲಿ ಕಣ್ಣಿನ ಫೋಟೊ ತೆಗೆದು ಒಪ್ಪಿಕೊಂಡರು.

ಈ ದುರಸ್ತಿಯನ್ನು ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುವವರಿಗೆ ಕಳಿಸಿದರೆ ಇಂಥ ಮಷೀನು ಇಟ್ಟುಕೊಂಡ ಎಲ್ಲರಿಗೂ ಉಪಯೋಗವಾಗುತ್ತದೆ ಎಂದು ಅಲ್ಮಾಸಳಿಗೆ ಗೊತ್ತಿತ್ತು. ಜೊತೆಗೊಂದು ಇಂಗ್ಲಿಷ್ ಕಾಗದ ಬರೆಯಬೇಕಿತ್ತು. ಅದನ್ನು ಮಾಸ್ತರರು ತಾವೇ ಕೇಳಿ ವಹಿಸಿಕೊಂಡರು. ಎರಡು ಪುಟವಾಯಿತು. ‘ಪೂಜ್ಯರೇ’ ಎಂದು ಆರಂಭಿಸಿ, ಇಂಡಿಯ ಲಿಂಬೆಯ ಬಗ್ಗೆ ನಾಲ್ಕು ಮಾತು, ವೃದ್ಧರ ಕಷ್ಟದ ಬಗ್ಗೆ ಆರು ಮಾತು, ಕೊನೆಗೆ ‘ತಮ್ಮ ವಿಧೇಯ’.

ಮೂರು ದಿನಕ್ಕೆ ಪೋಲೆಂಡಿನಿಂದ, ಆ ನೋಡಿಕೊಳ್ಳುವವರಲ್ಲೊಬ್ಬನಾದ ಟೊಮಾಶ್ ಎಂಬವನ ಉತ್ತರ ಬಂತು. ದುರಸ್ತಿ ಸರಿಯಾಗಿದೆ. ನಮಸ್ಕಾರ, ಲಿಂಬೆ ಬೇಡ. ಯಾವಾಗ ಹುಟ್ಟಿದ ತಪ್ಪು ಎನ್ನುವುದು ಬೇಕು. ಸಾಲುಗಳು ಉದ್ದವಾಗಿವೆ. ಮತ್ತೊಮ್ಮೆ ಕಳಿಸಿ.

ಮಾಸ್ತರರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ನಿವೃತ್ತಿಯಾಗಿ ಹದಿನೈದು ವರ್ಷದ ಮೇಲೆ ನನ್ನ ಪ್ರಬಂಧಕ್ಕೆ ಕೆಂಪು ಗೀಟು ಹಾಕಾಂವ ಒಬ್ಬ ಹುಟ್ಟಿದಾನಲ್ಲ” ಎಂದರು. ಎರಡನೆಯದನ್ನು ಒಂದು ಪುಟಕ್ಕೆ ಇಳಿಸಿದರು. ಟೊಮಾಶ್ ಅದನ್ನೂ ಹಿಂದಕ್ಕೆ ಕಳಿಸಿದ. ಮೂರನೆಯದು ನಾಲ್ಕು ವಾಕ್ಯವಾಯಿತು. ಅದನ್ನು ಬರೆಯಲು ಮಾಸ್ತರರಿಗೆ ಒಂದು ವಾರ ಹಿಡಿಯಿತು. ಬರೆದ ಮೇಲೆ ಇದೇ ಒಳ್ಳೆಯ ಇಂಗ್ಲಿಷ್ ಎಂದು ಮೆಲ್ಲಗೆ ಒಪ್ಪಿಕೊಂಡರು.

ಇಂಥ ಕಾಗದದ ತಳದಲ್ಲಿ ದುರಸ್ತಿಯನ್ನು ಪರೀಕ್ಷಿಸಿ ನೋಡಿದವರ ಹೆಸರನ್ನೂ ಬರೆಯುವ ಪದ್ಧತಿ ಇದೆ. ಅಲ್ಮಾಸ ಶ್ರೀಶೈಲಪ್ಪನ ಹೆಸರು ಬರೆದಳು. ಇಮೇಲ್ ವಿಳಾಸ ಬೇಕೇ ಬೇಕಿದ್ದರಿಂದ ಅವನಿಗೊಂದು ಮಾಡಿಕೊಟ್ಟಳು. ಜನವರಿಯಲ್ಲಿ ದುರಸ್ತಿ ಸೇರ್ಪಡೆಯಾಯಿತು. ಆ ಡ್ರೈವರನ್ನು ಯಾರು ಮುಟ್ಟಿದರೂ ತಳದಲ್ಲಿ ಹೆಸರಿದ್ದವರಿಗೆಲ್ಲ ಒಂದು ಪ್ರತಿ ಹೋಗುವುದರಿಂದ, ಈಗ ಶ್ರೀಶೈಲಪ್ಪನಿಗೆ ವಾರಕ್ಕೆ ಹತ್ತಿಪ್ಪತ್ತು ಪರದೇಶದ ಇಮೇಲು ಬರುತ್ತವೆ. ಸಂತೆಯ ದಿನ ಬಂದು, “ನನ್ನ ಟಪಾಲು ಓದವಾ” ಎಂದು ಕುಳಿತುಕೊಳ್ಳುತ್ತಾನೆ.

ಅಲ್ಮಾಸಳಿಗೆ ಇದರ ರುಚಿ ಹತ್ತಿತು. ಬಾರ್‌ಕೋಡ್ ಓದುವ ಯಂತ್ರದ ಡ್ರೈವರ್ ತೆಗೆದು ನೋಡಿದಳು, ಅದರಲ್ಲೂ ಇದೇ ತಪ್ಪು ಕಂಡಿತು. ತಾನೇ ನಾಲ್ಕು ವಾಕ್ಯ ಬರೆದು ಕಳಿಸಿದಳು. ಟೊಮಾಶ್ ಒಂದೇ ವಾಕ್ಯದಲ್ಲಿ, ಅಲ್ಲಿ ತಪ್ಪಿಲ್ಲ, ಬಿಡುವ ಕೆಲಸ ಇನ್ನೊಂದು ಕಡತದಲ್ಲಿದೆ, ಓದಿ ನೋಡಿ ಎಂದ. ಓದಿದಳು, ಇತ್ತು. ಎರಡು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ. ಯಾರಾದರೂ ತೀರಿಕೊಂಡರೇ ಎಂದು ಸೈದಾಬಿ ಮುದ್ದೇಬಿಹಾಳಕ್ಕೆ ಫೋನು ಮಾಡಿ ವಿಚಾರಿಸಿದಳು. ಮೂರನೆಯ ದಿನ ಅಲ್ಮಾಸ ಆ ಇನ್ನೊಂದು ಕಡತವನ್ನು ಮೊದಲ ಸಾಲಿನಿಂದ ಓದಲು ಕುಳಿತಳು. ಎರಡು ಸಾವಿರದ ಇನ್ನೂರು ಸಾಲು ಇದೆ. ಮೊನ್ನೆ ನಾನು ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಒಂಬೈನೂರಕ್ಕೆ ಬಂದಿದ್ದಳು. ನನ್ನ ಅರ್ಜಿಯನ್ನು ಕೈಗೆ ತೆಗೆದುಕೊಂಡು, ಕಣ್ಣನ್ನು ಪರದೆಯಿಂದ ಕೀಳದೆ, “ಒಂದ ನಿಮಿಷ ನಿಂದರ್ರಿ” ಎಂದಳು. ಮುಕ್ಕಾಲು ಗಂಟೆ ನಿಂತೆ.